ಒಳಗೆ ಏನಿತ್ತು?

ಹೋದ ತಿಂಗಳು ಊರಿಗೆ ಹೋಗಿದ್ದಾಗ ಚಿಕ್ಕಮ್ಮ ಅಟ್ಟ ಕ್ಲೀನ್ ಮಾಡಿಸುತ್ತಿದ್ದರು. ಹಳೇ ಟ್ರಂಕಿನ ತಳದಲ್ಲಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟಿದ್ದ ಒಂದು ಫೈಲು ಸಿಕ್ಕಿತು. 1987ರಿಂದ 1992ರವರೆಗಿನ ಆಸ್ಪತ್ರೆ ಚೀಟಿಗಳು, ಲ್ಯಾಬ್ ರಿಪೋರ್ಟುಗಳು, ಅಂಚು ಸುರುಟಿಕೊಂಡ ಒಂದು ಎಕ್ಸ್‌ರೇ. ಚಿಕ್ಕಮ್ಮನಿಗೆ ಮಕ್ಕಳಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಮಾತಾಡದ ವಿಷಯ ಅದು. ಒಲೆಗೆ ಹಾಕೋಣ ಅಂತ ಪಕ್ಕಕ್ಕಿಟ್ಟವರು ಯಾಕೋ ಮನಸ್ಸು ಬದಲಿಸಿ ನನ್ನ ಕೈಗೆ ಕೊಟ್ಟು, "ನೀನು ಇಂಗ್ಲಿಷ್ ಓದಿದೀಯಲ್ಲ, ಅದ್ರಲ್ಲಿ ಏನು ಬರೆದಿದಾರೆ ನೋಡೇ" ಅಂದರು.

ಜಗುಲಿಯಲ್ಲಿ ಕೂತು ಓದಿದೆ. ಐದು ವರ್ಷದಲ್ಲಿ ಮೂರು ಸಲ ಡಿ ಅಂಡ್ ಸಿ. ಒಂದು ಸಲ ಗರ್ಭಕೋಶಕ್ಕೆ ಔಷಧ ಬಿಟ್ಟು ತೆಗೆದ ಎಕ್ಸ್‌ರೇ. ಪ್ರತಿ ಸಲವೂ ಲ್ಯಾಬಿನ ಉತ್ತರ ಒಂದೇ, ನಾರ್ಮಲ್. ಚಿಕ್ಕಪ್ಪನ ಹೆಸರಿರುವುದು ಒಂದೇ ಒಂದು ಚೀಟಿಯಲ್ಲಿ. ಅದೂ 1992ರದ್ದು, ಮೂರನೇ ಡಿ ಅಂಡ್ ಸಿ ಆದಮೇಲೆ. ಅದೂ ನಾರ್ಮಲ್. ಕೊನೆಯ ಹಾಳೆಯಲ್ಲಿ ಡಾಕ್ಟರು 'ಅನ್‌ಎಕ್ಸ್‌ಪ್ಲೇನ್ಡ್ ಇನ್‌ಫರ್ಟಿಲಿಟಿ' ಅಂತ ಬರೆದು ಸಹಿ ಹಾಕಿದ್ದರು. ಕಾರಣ ತಿಳಿಯದ ಬಂಜೆತನ ಅಂತ ಅರ್ಥ.

ಓದಿ ಹೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಮೂರು ಸಲ ಮತ್ತು ಬರೋ ಇಂಜೆಕ್ಷನ್ ಕೊಟ್ಟು ಮಲಗಿಸಿದ್ರು. ಎದ್ದಾಗ ಹೊಟ್ಟೆ ಹಿಂಡೋದು. ಎಲ್ಲಾ ಸರಿಯಾಗಿದೆ ಅಂತಿದ್ರು. ಸರಿಯಾಗಿದ್ದ ಮೇಲೆ ಒಳಗೆ ಏನು ಹುಡುಕ್ತಿದ್ರು ಅಂತ ನಂಗೆ ಯಾರೂ ಹೇಳ್ಲಿಲ್ಲ ಕಣೇ."

ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಡಾಕ್ಟರಲ್ಲ, ಹಳೇ ಸಂಗತಿಗಳನ್ನು ಕೆದಕಿ ಓದುವ ಚಟ ಇದೆ ಅಷ್ಟೇ. ಬೆಂಗಳೂರಿಗೆ ವಾಪಸ್ಸು ಬಂದಮೇಲೆ ಅದನ್ನೇ ಓದುತ್ತಾ ಕೂತೆ. ಗರ್ಭಕೋಶದ ಒಳಗೆ ಇಣುಕಿ ನೋಡಬೇಕು ಅಂತ ಮನುಷ್ಯರಿಗೆ ಯಾವಾಗ ಅನ್ನಿಸಿತು? ಹೇಗೆ ನೋಡಿದರು? ನೋಡಿದ್ದರಿಂದ ಏನು ಸಿಕ್ಕಿತು? ಓದಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

*

ಮೊದಲಿಗೆ ಒಂದು ಮಾತು. ಗರ್ಭಕೋಶ ಅಂದಕೂಡಲೇ ನಮಗೆಲ್ಲ ಒಂದು ಪುಟ್ಟ ಕೋಣೆಯ ಚಿತ್ರ ಕಣ್ಣಿಗೆ ಬರುತ್ತೆ. ಬಸಿರಿಲ್ಲದಾಗ ಅದು ಕೋಣೆಯೇ ಅಲ್ಲ. ಏಳೆಂಟು ಸೆಂಟಿಮೀಟರ್ ಉದ್ದದ, ದಪ್ಪ ಗೋಡೆಯ ಸ್ನಾಯುವಿನ ಚೀಲ. ಖಾಲಿ ಜೇಬಿನ ಎರಡು ಬಟ್ಟೆ ಒಂದಕ್ಕೊಂದು ತಾಗಿಕೊಂಡಿರುತ್ತಲ್ಲ, ಹಾಗೆ ಮುಂದಿನ ಗೋಡೆ ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತೆ. ಅದರ ಬಾಯಿ ಕೆಲವೇ ಮಿಲಿಮೀಟರ್ ಅಗಲ. ಒಳಪದರ ಮುಟ್ಟಿದರೆ ರಕ್ತ ಬರುವಂಥದ್ದು. ಹಾಗಾಗಿ ಒಳಗೆ ನೋಡಬೇಕು ಅನ್ನುವವನಿಗೆ ಮೂರು ಅಡ್ಡಿಗಳು: ಬೆಳಕಿಲ್ಲ, ಜಾಗವಿಲ್ಲ, ರಕ್ತ ಕಣ್ಣು ಮುಚ್ಚುತ್ತೆ. ಈ ಮೂರನ್ನು ದಾಟಲು ಹೆಚ್ಚುಕಡಿಮೆ ನೂರಾ ಎಪ್ಪತ್ತು ವರ್ಷ ಹಿಡಿಯಿತು.

ಬೆಳಕಿನ ಕಥೆ ಶುರುವಾಗುವುದು ಜರ್ಮನಿಯ ಫಿಲಿಪ್ ಬೊಜ್ಜಿನಿ ಎಂಬ ಡಾಕ್ಟರಿಂದ. 1773ರಲ್ಲಿ ಮೈಂಜ್ ಊರಲ್ಲಿ ಹುಟ್ಟಿದವನು. 1806ರ ಹೊತ್ತಿಗೆ ಫ್ರಾಂಕ್‌ಫರ್ಟ್‌ನಲ್ಲಿದ್ದುಕೊಂಡು 'ಲಿಕ್ಟ್‌ಲೈಟರ್' ಎಂಬ ಸಾಧನವನ್ನು ಲೋಕಕ್ಕೆ ತಿಳಿಸಿದ. ಬೆಳಕು ಒಯ್ಯುವುದು ಅಂತ ಅದರರ್ಥ. ನೋಡಲಿಕ್ಕೆ ಹೂದಾನಿಯ ಹಾಗೆ. ಒಳಗೆ ಒಂದು ಮೇಣದ ಬತ್ತಿ, ಅದರ ಬೆಳಕನ್ನು ಮುಂದಕ್ಕೆ ತಳ್ಳಲು ಕನ್ನಡಿ, ಮುಂದೆ ಬೇರೆ ಬೇರೆ ಅಳತೆಯ ಕೊಳವೆಗಳು. ಗಂಟಲು, ಗುದದ್ವಾರ, ಯೋನಿ, ಹೀಗೆ ದೇಹದ ಯಾವ ಸಂದಿಯಲ್ಲಾದರೂ ಬದುಕಿರುವವರ ಒಳಗನ್ನು ನೋಡಬಹುದು ಅನ್ನುವುದು ಅವನ ಕನಸು. ವಿಯೆನ್ನಾದ ಸೈನ್ಯದ ವೈದ್ಯಕೀಯ ಅಕಾಡೆಮಿ ಪರೀಕ್ಷಿಸಿ ಮೆಚ್ಚಿತು. ಅಲ್ಲಿನ ವಿಶ್ವವಿದ್ಯಾಲಯದ ಪಂಡಿತರು ಮೂಗು ಮುರಿದರು. 1809ರಲ್ಲಿ ಬೊಜ್ಜಿನಿ ಟೈಫಸ್ ಜ್ವರಕ್ಕೆ ಬಲಿಯಾದ. ಆಗ ಅವನಿಗಿನ್ನೂ ಮೂವತ್ತಾರು ತುಂಬಿರಲಿಲ್ಲ.

ಆಮೇಲೆ 1853ರಲ್ಲಿ ಪ್ಯಾರಿಸ್ಸಿನ ದೆಸೊರ್ಮೊ ಎಂಬವನು ಮೇಣದ ಬತ್ತಿಯ ಬದಲು ಆಲ್ಕೋಹಾಲ್ ಮತ್ತು ಟರ್ಪೆಂಟೈನ್ ಬೆರೆಸಿ ಉರಿಸುವ ದೀಪ ಇಟ್ಟ. ಅದರ ಮುಖ್ಯ ಬಳಕೆ ಮೂತ್ರಕೋಶ ನೋಡಲು. 1865ರಲ್ಲಿ ಡಬ್ಲಿನ್ನಿನ ಫ್ರಾನ್ಸಿಸ್ ಕ್ರೂಸ್ ಅದನ್ನು ಸುಧಾರಿಸಿ, ಸೀಮೆಎಣ್ಣೆಯಲ್ಲಿ ಕರ್ಪೂರ ಕರಗಿಸಿ ದೀಪ ಉರಿಸಿದ. ನಮಗೆ ದೇವರ ಮುಂದೆ ಗೊತ್ತಿರುವ ಬೆಳಕು ಅಲ್ಲಿ ಹೋಗಿ ಆಸ್ಪತ್ರೆ ಸೇರಿತ್ತು ನೋಡಿ!

ಕೊನೆಗೆ 1869ರಲ್ಲಿ ಪಂಟಲಿಯೋನಿ ಎಂಬ ಡಾಕ್ಟರು ಅಂಥದೇ ಸಾಧನ ಹಿಡಿದು ಒಬ್ಬ ಹೆಂಗಸಿನ ಗರ್ಭಕೋಶದೊಳಗೆ ನೋಡಿ, ಕಂಡದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಬದುಕಿರುವ ಹೆಂಗಸಿನ ಗರ್ಭಕೋಶದೊಳಗೆ ನೋಡಿದ ಮೊದಲ ದಾಖಲೆ ಇದು ಎನ್ನುತ್ತಾರೆ. ಆಕೆಗೆ ಸುಮಾರು ಅರವತ್ತು ವರ್ಷ. ಮುಟ್ಟು ನಿಂತಮೇಲೂ ರಕ್ತ ಹೋಗುತ್ತಿತ್ತು. ಒಳಗೆ ಒಂದು ಪಾಲಿಪ್, ಅಂದರೆ ಒಳಪದರದಿಂದ ನೇತಾಡುವ ಮೆತ್ತನೆಯ ಗಂಟು, ಕಂಡಿತು. ಸಿಲ್ವರ್ ನೈಟ್ರೇಟ್‌ನಿಂದ ಸುಟ್ಟ. ಇಲ್ಲಿ ಗಮನಿಸಬೇಕಾದದ್ದು, ಆ ಹೆಂಗಸಿಗೆ ಒಂದು ತೊಂದರೆಯಿತ್ತು. ಆ ತೊಂದರೆಯ ಕಾರಣ ಹುಡುಕಲು ಒಳಗೆ ನೋಡಿದರು, ಸಿಕ್ಕಿತು. ಏನೂ ತೊಂದರೆ ಕಾಣದ ಹೆಂಗಸಿನ ಒಳಗೆ ನೋಡುವುದು ಬೇರೆಯೇ ವಿಷಯ. ಈ ವ್ಯತ್ಯಾಸ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

*

ಹೊರಗಿನಿಂದ ಗರ್ಭಕೋಶದ ಬಾಯಿಯವರೆಗೆ ನೋಡುವ ಕಥೆ ಇನ್ನೊಂದಿದೆ. ಅದು ಓದಿದರೆ ನಿದ್ದೆ ಬಾರದಂಥದ್ದು. ಇವತ್ತಿಗೂ ನಮ್ಮ ಆಸ್ಪತ್ರೆಗಳ ಟ್ರೇಗಳಲ್ಲಿ 'ಸಿಮ್ಸ್ ಸ್ಪೆಕ್ಯುಲಮ್' ಎಂಬ ಬಾಗಿದ ಲೋಹದ ಪಟ್ಟಿ ಇರುತ್ತೆ. ಜೆ. ಮರಿಯನ್ ಸಿಮ್ಸ್ ಅಮೆರಿಕದ ಅಲಬಾಮಾದಲ್ಲಿ ಡಾಕ್ಟರಾಗಿದ್ದವನು. 1840ರ ದಶಕದಲ್ಲಿ, ಹೆರಿಗೆಯಲ್ಲಿ ಹರಿದು ಮೂತ್ರ ಸೋರುತ್ತಿದ್ದ ಗುಲಾಮ ಹೆಂಗಸರ ಮೇಲೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿ ತನ್ನ ವಿಧಾನ ಕಂಡುಕೊಂಡ. ಅರಿವಳಿಕೆ ಇಲ್ಲದೆ. ಅವರಲ್ಲಿ ಮೂವರ ಹೆಸರು ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅನಾರ್ಕಾ ಒಬ್ಬಳ ಮೇಲೆಯೇ ಸುಮಾರು ಮೂವತ್ತು ಸಲ. ಒಡೆಯ ಒಪ್ಪಿದರೆ ಆಯಿತು, ಗುಲಾಮ ಹೆಂಗಸನ್ನು ಕೇಳುವವರು ಯಾರು? ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಅಂಚಿನಲ್ಲಿದ್ದ ಅವನ ಪ್ರತಿಮೆಯನ್ನು 2018ರ ಏಪ್ರಿಲ್‌ನಲ್ಲಿ ತೆಗೆದುಹಾಕಿದರು.

ಇದೇ ಸಿಮ್ಸ್ 1866ರಲ್ಲಿ ಗರ್ಭಕೋಶದ ಶಸ್ತ್ರಕ್ರಿಯೆಗಳ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಬಂಜೆತನಕ್ಕೇ ವಿಶೇಷ ಗಮನ. ಗರ್ಭಕೋಶದ ಬಾಯಿ ಕಿರಿದಾಗಿದ್ದರೆ ಕೊಯ್ದು ಅಗಲ ಮಾಡುವ ಚಿಕಿತ್ಸೆಯೂ ಅವನದೇ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ, ವೀರ್ಯವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು ಅನ್ನುವುದು. ಗಂಡನಲ್ಲೂ ಕಾರಣ ಇರಬಹುದು ಅಂತ ಅವನಿಗೆ ಗೊತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಾಲೆಂಡಿನ ಲೇವನ್‌ಹುಕ್ ತನ್ನ ಮೈಕ್ರೋಸ್ಕೋಪಿನಲ್ಲಿ ವೀರ್ಯಾಣು ನೋಡಿದ್ದು 1677ರಲ್ಲಿ. ಬೊಜ್ಜಿನಿಗಿಂತ ನೂರಿಪ್ಪತ್ತೊಂಬತ್ತು ವರ್ಷ ಮುಂಚೆ. ಅದಕ್ಕೆ ದೀಪ ಬೇಡ, ಕೊಳವೆ ಬೇಡ, ಅರಿವಳಿಕೆ ಬೇಡ, ಹೊಟ್ಟೆ ಹಿಂಡುವುದಿಲ್ಲ, ಒಂದು ಹನಿ ರಕ್ತ ಇಲ್ಲ. ಒಂದು ಶೀಶೆ, ಒಂದು ಗಾಜಿನ ತುಂಡು, ಒಂದು ಮೈಕ್ರೋಸ್ಕೋಪು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತೆ ಅಂತ ಈಗಿನ ತಿಳಿವಳಿಕೆ. ಆದರೂ ನಮ್ಮ ಮನೆಗಳಲ್ಲಿ ಏನಾಗುತ್ತೆ? ಚಿಕ್ಕಮ್ಮನ ಫೈಲಿನಲ್ಲಿ ಚಿಕ್ಕಪ್ಪನ ಚೀಟಿ ಕೊನೆಯಲ್ಲಿತ್ತು. ಅತಿ ಸುಲಭದ ಪರೀಕ್ಷೆ ಅತಿ ಕೊನೆಗೆ. ಇದಕ್ಕೆ ವಿಜ್ಞಾನ ಕಾರಣವಲ್ಲ. ಚಿಕ್ಕಪ್ಪ ಕೆಟ್ಟವರೂ ಅಲ್ಲ. "ಗಂಡಸಿಗೆ ಎಂಥಾ ಟೆಸ್ಟು" ಅಂತ ಮನೆಯವರಂದರು, ಡಾಕ್ಟರೂ ಒತ್ತಾಯ ಮಾಡಲಿಲ್ಲ, ಅಷ್ಟೇ.

*

ಈಗ ಡಿ ಅಂಡ್ ಸಿ ವಿಷಯಕ್ಕೆ ಬರೋಣ. ನಮ್ಮ ಕಡೆ ಈ ಮೂರಕ್ಷರ ಗೊತ್ತಿಲ್ಲದ ಹೆಂಗಸರು ಕಡಿಮೆ. ಗರ್ಭಕೋಶದ ಬಾಯಿ ಹಿಗ್ಗಿಸಿ, ಉದ್ದ ಹಿಡಿಯ ಸಣ್ಣ ಚಮಚದಂಥ ಕ್ಯುರೆಟ್‌ನಿಂದ ಒಳಪದರ ಕೆರೆದು ತೆಗೆಯುವುದು. 1840ರ ದಶಕದಲ್ಲಿ ಪ್ಯಾರಿಸ್ಸಿನ ರೆಕಾಮಿಯೆ ಈ ಕ್ಯುರೆಟ್ ಬಳಕೆಗೆ ತಂದ. ಇಲ್ಲಿ ಯಾರೂ ಒಳಗೆ ನೋಡುವುದಿಲ್ಲ. ಕತ್ತಲಲ್ಲಿ ಪಾತ್ರೆಯ ತಳ ಕೆರೆದ ಹಾಗೆ, ಕೈಯ ಅಂದಾಜು ಮಾತ್ರ. ನೋಡುವುದು ಆಮೇಲೆ, ಲ್ಯಾಬಿನಲ್ಲಿ.

ಲ್ಯಾಬಿನಲ್ಲಿ ಏನು ನೋಡುತ್ತಿದ್ದರು? ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡು ವಿಷಯ.

ಒಂದು, ಒಳಪದರದ ದಿನಾಂಕ. ಪ್ರತಿ ತಿಂಗಳು ಅಂಡ ಬಿಡುಗಡೆಯಾದ ಮೇಲೆ ಒಳಪದರ ದಿನದಿಂದ ದಿನಕ್ಕೆ ಬದಲಾಗುತ್ತೆ. 1950ರಲ್ಲಿ ಅಮೆರಿಕದ ನೋಯಿಸ್, ಹರ್ಟಿಗ್ ಮತ್ತು ರಾಕ್ ಎಂಬ ಮೂವರು, ಮೈಕ್ರೋಸ್ಕೋಪಿನಲ್ಲಿ ಆ ಪದರ ನೋಡಿ ಇದು ಎಷ್ಟನೇ ದಿನದ್ದು ಅಂತ ಹೇಳುವ ವಿಧಾನ ಪ್ರಕಟಿಸಿದರು. ಅದರಿಂದ ಅಂಡ ಬಿಡುಗಡೆಯಾಗಿದೆಯೋ ಇಲ್ಲವೋ, ಪದರ ಸಮಯಕ್ಕೆ ಸರಿಯಾಗಿ ಬೆಳೆದಿದೆಯೋ ಇಲ್ಲವೋ ಗೊತ್ತಾಗುತ್ತೆ ಅನ್ನುವ ನಂಬಿಕೆ. ಅರ್ಧ ಶತಮಾನ ಕಾಲ ಜಗತ್ತಿನಾದ್ಯಂತ ಇದೇ ಪಾಠ. 2004ರಲ್ಲಿ ಅಮೆರಿಕದಲ್ಲೇ ಮಕ್ಕಳಾದವರ ಮತ್ತು ಆಗದವರ ಒಳಪದರಗಳನ್ನು ಹೋಲಿಸಿದ ಅಧ್ಯಯನ ಬಂತು. ದಿನಾಂಕ ತಪ್ಪಿದ ಪದರ ಎರಡೂ ಗುಂಪಿನಲ್ಲಿ ಇತ್ತು! ಅದನ್ನಿಟ್ಟುಕೊಂಡು ಇವರು ಬಸಿರಾಗುತ್ತಾರೆ, ಇವರು ಆಗುವುದಿಲ್ಲ ಅಂತ ಬೇರ್ಪಡಿಸಲು ಆಗುವುದಿಲ್ಲ ಅಂತ ತೀರ್ಮಾನವಾಯಿತು.

ಎರಡು, ಕ್ಷಯ. ಇದು ನಮ್ಮ ದೇಶಕ್ಕೆ ನಿಜವಾದ ಕಾರಣ. ಟಿ.ಬಿ. ಅಂದರೆ ಬರೀ ಕೆಮ್ಮಲ್ಲ. ರಕ್ತದ ಮೂಲಕ ಅಂಡನಾಳಗಳಿಗೆ ಹೋಗಿ ಕೂರುತ್ತೆ, ಅಲ್ಲಿಂದ ಗರ್ಭಕೋಶದ ಒಳಪದರಕ್ಕೆ ಇಳಿಯುತ್ತೆ. ಎಷ್ಟೋ ಹೆಂಗಸರಿಗೆ ಮಕ್ಕಳಾಗದಿರುವುದನ್ನು ಬಿಟ್ಟರೆ ಬೇರೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ಮುಟ್ಟಿಗೆ ಕೆಲವು ದಿನ ಮುಂಚೆ ಒಳಪದರ ತೆಗೆದು ಲ್ಯಾಬಿಗೆ ಕಳಿಸುತ್ತಿದ್ದರು. ಚಿಕ್ಕಮ್ಮನ ರಿಪೋರ್ಟಿನಲ್ಲೂ ಕ್ಷಯದ ಗುರುತು ಇಲ್ಲ ಅನ್ನುವ ಸಾಲಿದೆ. ಅಂದರೆ ಡಾಕ್ಟರು ಸುಮ್ಮಸುಮ್ಮನೆ ಮಾಡಿದ್ದಲ್ಲ. ಹುಡುಕಲು ಕಾರಣವಿತ್ತು. ಆದರೆ ಅದನ್ನು ಅವರಿಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಒಂದು ಸಲಕ್ಕೆ ಸಾಲದೆ ಮೂರು ಸಲ ಯಾಕೆ ಅನ್ನುವುದಕ್ಕೆ ಫೈಲಿನಲ್ಲೂ ಉತ್ತರವಿಲ್ಲ.

ಇದರ ಜೊತೆಗೆ ಜನರೇ ಕಟ್ಟಿಕೊಂಡ ಮೂರನೇ ಕಾರಣವೊಂದಿತ್ತು. 'ಗರ್ಭಕೋಶ ಕ್ಲೀನ್ ಮಾಡಿಸಿದರೆ ಬಸಿರು ನಿಲ್ಲುತ್ತೆ' ಅನ್ನುವುದು. ಪಕ್ಕದ ಮನೆಯವರಿಗೆ ಮಾಡಿಸಿದ ಮೂರೇ ತಿಂಗಳಿಗೆ ನಿಂತಿತಂತೆ ಅಂತ ಹೇಳುವವರು ಪ್ರತಿ ಊರಲ್ಲೂ ಸಿಗುತ್ತಾರೆ. ನಿಲ್ಲದಿದ್ದವರು ಹೇಳಿಕೊಂಡು ತಿರುಗುವುದಿಲ್ಲವಲ್ಲ.

ಕೆರೆಯುವುದರಿಂದ ಹಾನಿಯೂ ಆಗಬಹುದು ಅಂತ ಗೊತ್ತಾಗಿ ಬಹಳ ಕಾಲವಾಗಿದೆ. 1894ರಲ್ಲಿ ಜರ್ಮನಿಯ ಹೈನ್ರಿಕ್ ಫ್ರಿಷ್ ಕೆರೆದ ಮೇಲೆ ಮುಟ್ಟೇ ನಿಂತುಹೋದ ಹೆಂಗಸಿನ ಬಗ್ಗೆ ಬರೆದ. 1948ರಲ್ಲಿ ಇಸ್ರೇಲಿನ ಜೋಸೆಫ್ ಆಶರ್‌ಮನ್ ಅಂಥ 29 ಹೆಂಗಸರ ವಿವರ ಕೊಟ್ಟ. ಆಳವಾಗಿ ಕೆರೆದಾಗ ಎದುರುಬದುರಿನ ಗಾಯದ ಗೋಡೆಗಳು ಒಂದಕ್ಕೊಂದು ಅಂಟಿ ಕೂಡಿಕೊಂಡುಬಿಡುತ್ತವೆ. ಇದಕ್ಕೆ ಈಗ ಅವನದೇ ಹೆಸರು, ಆಶರ್‌ಮನ್ ಸಿಂಡ್ರೋಮ್. ಹೆಚ್ಚಾಗಿ ಆಗುವುದು ಗರ್ಭಪಾತ ಅಥವಾ ಹೆರಿಗೆಯ ನಂತರ ಕೆರೆದಾಗ. ಕ್ಷಯದಿಂದಲೂ ಹೀಗೆ ಅಂಟಿಕೊಳ್ಳುತ್ತೆ. ಮಗುವಿಗಾಗಿ ಮಾಡಿದ ಕೆಲಸವೇ ಮಗುವಿನ ಜಾಗ ಮುಚ್ಚಿಬಿಡಬಹುದು ಅನ್ನುವುದು ಎಂಥ ವಿಪರ್ಯಾಸ.

*

ಫೈಲಿನಲ್ಲಿದ್ದ ಎಕ್ಸ್‌ರೇಯದ್ದು ಬೇರೆ ಕಥೆ. ಅದರಲ್ಲಿ ಸ್ವಲ್ಪ ಖುಷಿಯೂ ಇದೆ. 1914ರಲ್ಲಿ ಅಮೆರಿಕದಲ್ಲಿ ವಿಲಿಯಂ ಕ್ಯಾರಿ ಮತ್ತು ಇಸಿಡೋರ್ ರೂಬಿನ್, ಇಬ್ಬರೂ ಬೇರೆ ಬೇರೆಯಾಗಿ, ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಗರ್ಭಕೋಶಕ್ಕೆ ತುಂಬಿ ಚಿತ್ರ ತೆಗೆದರು. ಅದು ಬೆಳ್ಳಿಯ ಅಂಶದ ದ್ರವ, ಒಳಗೆ ಉರಿಯೂತ ತರುತ್ತಿತ್ತು. ರೂಬಿನ್ ಆಮೇಲೆ ಗಾಳಿಗೆ ತಿರುಗಿದ. ಅಂಡನಾಳ ತೆರೆದಿದೆಯೇ ಅಂತ ತಿಳಿಯಲು ಗರ್ಭಕೋಶದ ಮೂಲಕ ಆಮ್ಲಜನಕ, ಮುಂದೆ ಕಾರ್ಬನ್ ಡೈಆಕ್ಸೈಡ್ ಬಿಡುವ ಪರೀಕ್ಷೆಯನ್ನು 1920ರಲ್ಲಿ ಪ್ರಕಟಿಸಿದ. ನಾಳ ತೆರೆದಿದ್ದರೆ ಗಾಳಿ ಹೊಟ್ಟೆಯೊಳಗೆ ಹೋಗಿ ವಪೆಯ ಕೆಳಗೆ ಸೇರುತ್ತೆ, ಎದ್ದು ಕೂತಾಗ ಹೆಂಗಸಿಗೆ ಹೆಗಲು ನೋಯುತ್ತೆ. ಹೆಗಲು ನೋವು ಬಂದರೆ ಒಳ್ಳೆಯ ಸುದ್ದಿ! ದಶಕಗಳ ಕಾಲ ಎಷ್ಟೋ ಹೆಂಗಸರು ಹೆಗಲು ನೋಯಲಿ ದೇವರೇ ಅಂತ ಕಾದಿರಬೇಕು.

1920ರ ದಶಕದಲ್ಲಿ ಲಿಪಿಯೊಡಾಲ್ ಬಂತು. ಇದು ಫ್ರಾನ್ಸಿನಲ್ಲಿ 1901ರಲ್ಲೇ ತಯಾರಾಗಿದ್ದ ಔಷಧ. ಏನಿದು ಗೊತ್ತೇ? ಗಸಗಸೆ ಎಣ್ಣೆಗೆ ಆಯೋಡಿನ್ ಸೇರಿಸಿದ್ದು. ಹೌದು, ನಾವು ಪಾಯಸ ಮಾಡುವ ಅದೇ ಗಸಗಸೆ. ಇದನ್ನು ಗರ್ಭಕೋಶಕ್ಕೆ ಬಿಟ್ಟು ಎಕ್ಸ್‌ರೇ ತೆಗೆದರೆ ಒಳಗಿನ ಆಕಾರ, ನಾಳಗಳ ದಾರಿ ಬೆಳ್ಳಗೆ ಕಾಣುತ್ತಿತ್ತು. ಪರೀಕ್ಷೆ ಮಾಡಿಸಿಕೊಂಡ ಕೆಲವರು ಆಮೇಲೆ ತಾವಾಗಿಯೇ ಬಸಿರಾಗುತ್ತಿದ್ದರು ಅಂತ ಡಾಕ್ಟರುಗಳು ಹೇಳುತ್ತಲೇ ಇದ್ದರು. ಮುಂದೆ ನೀರಿನಲ್ಲಿ ಕರಗುವ ದ್ರವಗಳು ಬಂದು ಎಣ್ಣೆ ಹಿಂದೆ ಸರಿಯಿತು. 2017ರಲ್ಲಿ ನೆದರ್‌ಲ್ಯಾಂಡ್ಸಿನ 27 ಆಸ್ಪತ್ರೆಗಳಲ್ಲಿ 1,119 ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಆರು ತಿಂಗಳೊಳಗೆ ಬಸಿರು ನಿಂತವರು ಎಣ್ಣೆಯ ಗುಂಪಿನಲ್ಲಿ 39.7%, ನೀರಿನ ಗುಂಪಿನಲ್ಲಿ 29.1%. ನೂರು ವರ್ಷದ ಹಳೇ ಮಾತಿನಲ್ಲಿ ನಿಜವಿತ್ತು. ಆದರೆ ಅದು ನಿಜ ಅಂತ ಗೊತ್ತಾದದ್ದು ಎರಡು ಗುಂಪು ಮಾಡಿ ಎಣಿಸಿದಾಗ ಮಾತ್ರ.

*

ಕಣ್ಣಿನಿಂದ ನೇರ ನೋಡುವ ಹಿಸ್ಟರೋಸ್ಕೋಪಿ ಇಷ್ಟು ಹೊತ್ತು ಎಲ್ಲಿತ್ತು? ಜಾಗದ ಅಡ್ಡಿಯಲ್ಲಿ ಸಿಕ್ಕಿಕೊಂಡಿತ್ತು. ಮೂತ್ರಕೋಶ ಮೆತ್ತಗೆ ಹಿಗ್ಗುತ್ತೆ, ಹಾಗಾಗಿ 1870ರ ದಶಕದ ಕೊನೆಗೇ ಜರ್ಮನಿಯ ನಿಟ್ಸೆ ಅದನ್ನು ನೋಡುವ ಒಳ್ಳೆಯ ಸಾಧನ ಮಾಡಿದ್ದ. ಗರ್ಭಕೋಶದ ದಪ್ಪ ಗೋಡೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 1925ರಲ್ಲಿ ಅದೇ ರೂಬಿನ್ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ನೋಡಿದ. 1970ರಲ್ಲಿ ಸ್ವೀಡನ್ನಿನ ಎಡ್‌ಸ್ಟ್ರಾಮ್ ಮತ್ತು ಫರ್ನ್‌ಸ್ಟ್ರಾಮ್ ಜೇನಿನ ಹಾಗೆ ಮಂದವಾದ ಡೆಕ್ಸ್‌ಟ್ರಾನ್ ದ್ರವ ಬಳಸಿದರು. ಅದು ಗೋಡೆಗಳನ್ನು ದೂಡುತ್ತಿತ್ತು, ರಕ್ತದ ಜೊತೆ ಬೆರೆಯುತ್ತಿರಲಿಲ್ಲ. ಅದೇ ಹೊತ್ತಿಗೆ ಜರ್ಮನಿಯ ಲಿಂಡೆಮನ್ ಗಾಳಿ ತುಂಬುವುದನ್ನು ಹದಕ್ಕೆ ತಂದ. ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸ್ 1959ರಲ್ಲಿ ಕಂಡುಹಿಡಿದ ಗಾಜಿನ ಕಡ್ಡಿಯಂಥ ಲೆನ್ಸುಗಳಿಂದ ಚಿತ್ರ ಸ್ಪಷ್ಟವಾಗಿತ್ತು. 1980ರ ಹೊತ್ತಿಗೆ ಪ್ಯಾರಿಸ್ಸಿನ ಹಾಮೂ ತೆಳ್ಳನೆಯ ಹಿಸ್ಟರೋಸ್ಕೋಪ್ ಮಾಡಿದ. ಬೆಳಕು, ಜಾಗ, ರಕ್ತ.. ಮೂರೂ ಅಡ್ಡಿ ಮುಗಿದವು.

ಸರಿಯಾಗಿ ಅದೇ ಹೊತ್ತಿಗೆ ಪ್ರನಾಳ ಶಿಶು ಬಂತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್. ಎರಡೂವರೆ ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 3ರಂದು ಕೊಲ್ಕತ್ತಾದಲ್ಲಿ ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ 'ದುರ್ಗಾ'. ಮುಖರ್ಜಿ ಮಾಡಿದ್ದು ನಮ್ಮ ವಿಷಯಕ್ಕೂ ಹತ್ತಿರದ್ದು. ಇಂಜೆಕ್ಷನ್ ಕೊಟ್ಟು ಅಂಡ ಬೆಳೆಸಿದ ತಿಂಗಳಲ್ಲಿ ಗರ್ಭಕೋಶದ ಒಳಪದರ ಹದವಾಗಿರುವುದಿಲ್ಲ ಅಂತ ಭ್ರೂಣವನ್ನು 53 ದಿನ ಶೈತ್ಯದಲ್ಲಿಟ್ಟು, ಆಮೇಲಿನ ಸಹಜ ತಿಂಗಳಲ್ಲಿ ಒಳಗಿಟ್ಟರು. ಇವತ್ತು ಜಗತ್ತೆಲ್ಲ ಮಾಡುವ ಕೆಲಸ. ಆಗ ಸರ್ಕಾರದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದೂಜಾ ಅವರ ಜೊತೆ ಕೆಲಸ ಮಾಡಿದ್ದ, ಆಮೇಲೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್, ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ 1997ರಲ್ಲಿ 'ಮೊದಲಿಗರು ಅವರೇ, ನಾವಲ್ಲ' ಅಂತ ಲೋಕಕ್ಕೆ ಸಾರಿದರು. ಅಂಥ ದೊಡ್ಡ ಮನಸ್ಸು ಅಪರೂಪ.

ಪ್ರನಾಳ ಶಿಶು ಚಿಕಿತ್ಸೆ ಬಂದಮೇಲೆ ಒಂದೊಂದು ಭ್ರೂಣವೂ ಬಂಗಾರವಾಯಿತು. ದುಡ್ಡು, ಇಂಜೆಕ್ಷನ್, ಕಾಯುವಿಕೆ ಎಲ್ಲ ಸುರಿದು ಪಡೆದ ಭ್ರೂಣವನ್ನು ಇಡುವ ಮೊದಲು ಜಾಗ ನೋಡಿಬಿಡೋಣ ಅನ್ನುವುದು ಸಹಜವಾದ ಯೋಚನೆಯೇ. ಬಿತ್ತುವ ಮೊದಲು ಹೊಲ ನೋಡುವುದಿಲ್ಲವೇ? ಹಾಗೆ ನೋಡಿದಾಗ ಸ್ಕ್ಯಾನಿನಲ್ಲಿ ಕಾಣದ ಸಣ್ಣಪುಟ್ಟ ಪಾಲಿಪ್, ತೆಳು ಅಂಟಿಕೆ, ಕೆಂಪು ಚುಕ್ಕೆ ಕೆಲವರಲ್ಲಿ ಕಂಡವು. ಕಂಡದ್ದಕ್ಕೆ ಚಿಕಿತ್ಸೆ ಕೊಟ್ಟರು. ಕೆಲವರು ಬಸಿರಾದರು. ನೋಡಿದ್ದರಿಂದಲೇ ಆಯಿತು ಅಂದುಕೊಂಡರು. ಸ್ಕ್ಯಾನ್ ಸರಿಯಿದ್ದರೂ ಎಷ್ಟೋ ಕಡೆ ಹಿಸ್ಟರೋಸ್ಕೋಪಿ ಒಂದು ರೂಢಿಯೇ ಆಗಿಹೋಯಿತು.

ಆದರೆ ಒಂದು ಪ್ರಶ್ನೆ ಕೇಳಿರಲಿಲ್ಲ. ಸುಲಭವಾಗಿ ಮಕ್ಕಳಾದ ಹೆಂಗಸರ ಗರ್ಭಕೋಶದೊಳಗೂ ಇಂಥ ಚುಕ್ಕೆಗಳು ಇರಬಹುದಲ್ಲ? ಅವರ ಒಳಗೆ ಯಾರು ಇಣುಕಿದ್ದರು? ನೋಡದೆಯೇ ಚಿಕಿತ್ಸೆ ಕೊಟ್ಟಿದ್ದರೆ ಎಷ್ಟು ಮಂದಿ ಬಸಿರಾಗುತ್ತಿದ್ದರು?

2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎರಡು ಉತ್ತರ ಒಟ್ಟಿಗೆ ಬಂದವು. ನೆದರ್‌ಲ್ಯಾಂಡ್ಸಿನ ಇನ್‌ಸೈಟ್ ಅಧ್ಯಯನ: ಸ್ಕ್ಯಾನ್ ನಾರ್ಮಲ್ ಇದ್ದು ಮೊದಲ ಸಲ ಪ್ರನಾಳ ಶಿಶು ಚಿಕಿತ್ಸೆಗೆ ಹೊರಟ 750 ಹೆಂಗಸರು. ಅರ್ಧದಷ್ಟು ಮಂದಿಗೆ ಮೊದಲು ಹಿಸ್ಟರೋಸ್ಕೋಪಿ, ಉಳಿದವರಿಗೆ ನೇರ ಚಿಕಿತ್ಸೆ. ಮಗು ಪಡೆದವರು ನೋಡಿಸಿಕೊಂಡವರಲ್ಲಿ 57%, ನೋಡಿಸಿಕೊಳ್ಳದವರಲ್ಲಿ 54%. ಲೆಕ್ಕಶಾಸ್ತ್ರದ ಪ್ರಕಾರ ಆ ಅಂತರ ಅಂತರವೇ ಅಲ್ಲ. ಇನ್ನೊಂದು ಬ್ರಿಟನ್ ಮತ್ತು ಯುರೋಪಿನ ಇತರ ದೇಶಗಳ ಟ್ರೋಫಿ ಅಧ್ಯಯನ: ಈಗಾಗಲೇ ಎರಡರಿಂದ ನಾಲ್ಕು ಸಲ ಚಿಕಿತ್ಸೆ ವಿಫಲವಾಗಿದ್ದ 702 ಹೆಂಗಸರು. ನೋಡಿಸಿಕೊಂಡವರಲ್ಲಿ 29%, ಇಲ್ಲದವರಲ್ಲೂ 29%. ಇವರೆಲ್ಲ 'ಕಾರಣ ತಿಳಿಯದ' ಗುಂಪಿನವರೇ ಅಲ್ಲ, ಬೇರೆ ಬೇರೆ ಕಾರಣದವರೂ ಇದ್ದರು. ಆದರೆ ಒಳಗೆ ನೋಡಿದ್ದರಿಂದ ಮಗು ಸಿಗುವ ಸಾಧ್ಯತೆ ಹೆಚ್ಚಲಿಲ್ಲ ಅನ್ನುವುದಂತೂ ಸ್ಪಷ್ಟವಾಯಿತು.

'ಕೆರೆಯುವುದು' ಕೂಡ ಹೊಸ ವೇಷದಲ್ಲಿ ವಾಪಸ್ಸು ಬಂದಿತ್ತು. 2003ರಲ್ಲಿ ಇಸ್ರೇಲಿನಿಂದ 134 ಹೆಂಗಸರ ಒಂದು ಅಧ್ಯಯನ ಬಂತು. ಚಿಕಿತ್ಸೆಗೆ ಮೊದಲಿನ ತಿಂಗಳು ಒಳಪದರದಿಂದ ಚೂರು ತೆಗೆದವರಲ್ಲಿ ಹೆರಿಗೆ ಎರಡು ಪಟ್ಟು ಹೆಚ್ಚಾಗಿತ್ತು. 'ಎಂಡೋಮೆಟ್ರಿಯಲ್ ಸ್ಕ್ರಾಚ್' ಅಂತ ಹೆಸರಾಗಿ ಜಗತ್ತಿಗೆಲ್ಲ ಹಬ್ಬಿತು. 2019ರಲ್ಲಿ ನ್ಯೂಜಿಲೆಂಡಿನ ಸಾರಾ ಲೆನ್ಸೆನ್ ಮತ್ತು ಸಂಗಡಿಗರು ಐದು ದೇಶಗಳ 1,364 ಹೆಂಗಸರ ಮೇಲೆ ಪರೀಕ್ಷಿಸಿದರು. ಕೆರೆದವರಲ್ಲಿ 26.1%. ಕೆರೆಯದವರಲ್ಲಿ 26.1%. ದಶಮಾಂಶದ ಜೊತೆಗೆ ಒಂದೇ ಅಂಕಿ! ಈ ಸಾಲು ಓದಿದಾಗ ನನಗೆ ನೆನಪಾದದ್ದು ಚಿಕ್ಕಮ್ಮನ ಮೂರು ಚೀಟಿಗಳು.

ಹಾಗಂತ ಹಿಸ್ಟರೋಸ್ಕೋಪಿಯೇ ದಂಡ ಅಂತ ಯಾರೂ ತಿಳಿಯಬಾರದು. ಸ್ಕ್ಯಾನಿನಲ್ಲಿ ಪಾಲಿಪ್ ಕಂಡವರ ಮೇಲೆ ಸ್ಪೇನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಾಲಿಪ್ ತೆಗೆಸಿಕೊಂಡವರಲ್ಲಿ ಬಸಿರಾದವರು ಸುಮಾರು 63%, ತೆಗೆಸದವರಲ್ಲಿ 28%. ಅಸಹಜ ರಕ್ತಸ್ರಾವ, ಒಳಗೆ ಚಾಚಿಕೊಂಡ ಫೈಬ್ರಾಯ್ಡ್, ಅಂಟಿಕೆಯ ಅನುಮಾನ ಇದ್ದಾಗ ಅದು ನಿಜಕ್ಕೂ ವರ. ಪಂಟಲಿಯೋನಿಯ ಆ ಅರವತ್ತರ ಹೆಂಗಸಿನ ಹಾಗೆ, ತೊಂದರೆಯ ಸುಳಿವಿದ್ದಾಗ ನೋಡಬೇಕು. ಇನ್ನೊಂದು ಕಡೆ, ಕಂಡದ್ದನ್ನೆಲ್ಲ ಸರಿಮಾಡಿದರೆ ಒಳ್ಳೆಯದೇ ಅನ್ನುವುದೂ ನಿಜವಲ್ಲ. ಗರ್ಭಕೋಶದ ಮಧ್ಯೆ ಹುಟ್ಟಿನಿಂದಲೇ ಇರುವ ಅಡ್ಡಗೋಡೆಯನ್ನು ಕತ್ತರಿಸಿದವರಿಗೂ ಹಾಗೇ ಬಿಟ್ಟವರಿಗೂ ಮಕ್ಕಳಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2021ರ ಒಂದು ಅಧ್ಯಯನ ಹೇಳಿತು. ಅದು 80 ಹೆಂಗಸರ ಸಣ್ಣ ಅಧ್ಯಯನ, ಅದೂ ಲೆಕ್ಕದಲ್ಲಿರಲಿ.

2023ರಲ್ಲಿ ಯುರೋಪಿನ ಸಂತಾನ ವೈದ್ಯರ ಸಂಘ ಇ.ಎಸ್.ಎಚ್.ಆರ್.ಇ. ಕಾರಣ ತಿಳಿಯದ ಬಂಜೆತನಕ್ಕೆಂದೇ ಮಾರ್ಗಸೂಚಿ ತಂದಿತು. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಗು ಸರಿಯಾಗಿ ಕಂಡರೆ ಮತ್ತೆ ಅದನ್ನೇ ಪರೀಕ್ಷಿಸುವ ಅಗತ್ಯವಿಲ್ಲ ಅಂತ ಅದರ ಮಾತು. ಆದರೆ ಈ ಅಧ್ಯಯನಗಳು ನಡೆದದ್ದು ಬಹುಪಾಲು ಕ್ಷಯ ಅಪರೂಪವಾದ ದೇಶಗಳಲ್ಲಿ. ನಮ್ಮಲ್ಲಿ ಡಾಕ್ಟರಿಗೆ ಕ್ಷಯದ ಅನುಮಾನ ಬಂದರೆ ಲೆಕ್ಕ ಬೇರೆ. ಹಾಗಾಗಿ ಇದನ್ನು ಓದಿ ಯಾರೂ ತಮ್ಮ ಡಾಕ್ಟರ ಜೊತೆ ಜಗಳಕ್ಕೆ ಹೋಗಬೇಡಿ. ಆದರೆ ಕೇಳಿ. "ಏನು ಹುಡುಕ್ತಿದ್ದೀರಿ? ಸಿಕ್ಕರೆ ಏನು ಮಾಡ್ತೀರಿ? ಸಿಗದಿದ್ದರೆ ಏನು? ಇವರ ಟೆಸ್ಟ್ ಆಯಿತೇ?" ನಾಲ್ಕೇ ಪ್ರಶ್ನೆ. ಕೇಳುವ ಹಕ್ಕು ಇದೆ.

*

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಒಂದು ಭಾನುವಾರ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮೇಣದ ಬತ್ತಿ, ಕರ್ಪೂರದ ದೀಪ, ಗಸಗಸೆ ಎಣ್ಣೆ ಎಲ್ಲ ಹೇಳಿದೆ. ಗಸಗಸೆಗೆ ನಕ್ಕರು. ಕ್ಷಯ ಇದೆಯೇ ಅಂತ, ಒಳಪದರ ಸರಿಯಾಗಿ ಬೆಳೆಯುತ್ತಿದೆಯೇ ಅಂತ ಹುಡುಕುತ್ತಿದ್ದರು, ಎರಡೂ ತೊಂದರೆ ಇರಲಿಲ್ಲ ಅಂದೆ.

"ಹಂಗಾದ್ರೆ ಒಳಗೆ ಏನೂ ಇರ್ಲಿಲ್ಲ ಅನ್ನು."

"ಅವರು ಹುಡುಕಿದ ಕೆಟ್ಟದ್ದು ಯಾವುದೂ ಇರ್ಲಿಲ್ಲ ಚಿಕ್ಕಮ್ಮ. ಯಾಕೆ ಆಗ್ಲಿಲ್ಲ ಅಂತ ಅವರಿಗೂ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅಂತಾನೇ ಕೊನೇ ಚೀಟೀಲಿ ಬರೆದಿದಾರೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದರು: "ಆ ಚೀಟಿ ನಾನು ಮನೆಗೆ ತಂದು ಕೊಟ್ಟಿದ್ದೆ ಕಣೇ. ಅತ್ತೆ ಕೇಳಿದ್ರು, ಏನಂತೆ ಅಂತ. ನಿಮ್ಮ ಚಿಕ್ಕಪ್ಪ ಓದಿ, ಇವಳದ್ದೇ ಏನೋ ಪ್ರಾಬ್ಲಮ್ಮಂತೆ ಅಂದ್ರು. ಅವ್ರಿಗೂ ಅದರ ಅರ್ಥ ಗೊತ್ತಿರ್ಲಿಲ್ಲವೇನೋ. ನಾನೂ ಮೂವತ್ತು ವರ್ಷ ಹಂಗೇ ಅಂದ್ಕೊಂಡಿದ್ದೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಬೊಜ್ಜಿನಿಯಿಂದ ಹಿಡಿದು ಇವತ್ತಿನವರೆಗೆ ಎಷ್ಟೋ ಜನ ಬುದ್ಧಿವಂತರು ದೀಪ ಹಿಡಿದು ಒಳಗೆ ನೋಡಿದ್ದಾರೆ. ಗೊತ್ತಿಲ್ಲ ಅಂತ ಬರೆಯುವ ಪ್ರಾಮಾಣಿಕತೆ ಆ ಡಾಕ್ಟರಿಗೂ ಇತ್ತು. ಅದನ್ನು ಕನ್ನಡದಲ್ಲಿ, ಆಕೆಯ ಎದುರಿಗೆ ಕೂತು, ಮನೆಯವರೂ ಕೇಳುವ ಹಾಗೆ ಒಂದು ಸಲ ಹೇಳಿದ್ದರೆ ಸಾಕಿತ್ತು.

ಫೈಲು ಏನು ಮಾಡಿದಿರಿ ಅಂತ ಕೇಳಿದೆ. ಸುಡಲಿಲ್ಲವಂತೆ. ಕೊನೆಯ ಚೀಟಿ ಮಾತ್ರ ತೆಗೆದು ದೇವರ ಮನೆಯ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರಂತೆ. ಉಳಿದದ್ದು ಟ್ರಂಕಿಗೆ ವಾಪಸ್ಸು ಹೋಗಿದೆ.